ಜಾಸ್ತಿ ಬೆಳೆದರೆ ಸಾಕಾ? ಕೃಷಿ ವಿಜ್ಞಾನ, ಕೃಷಿ ವ್ಯವಹಾರ ಎರಡನ್ನೂ ಓದಿದ ಅನುಭವ

ಕೃಷಿ ವಿಜ್ಞಾನ ಮತ್ತು ಕೃಷಿ ವ್ಯವಹಾರ ಎರಡೂ ಸೇರಿದ ಡಿಗ್ರಿಗೆ ಸೇರುವಾಗ ನನಗಿದ್ದ ಕಲ್ಪನೆ ಸರಳ. ಬೆಳೆ ಬೆಳೆಯುವುದು ಹೇಗೆ ಅಂತ ಮೊದಲು ಕಲಿಸುತ್ತಾರೆ, ಆಮೇಲೆ ಅದನ್ನು ಮಾರುವುದು ಹೇಗೆ ಅಂತ. ಆದರೆ ವೇಳಾಪಟ್ಟಿ ಹಾಗಿರಲಿಲ್ಲ. ಬೆಳಿಗ್ಗೆ ಬೂಟು ಹಾಕಿಕೊಂಡು ಹೊಲಕ್ಕೆ, ಮಧ್ಯಾಹ್ನ ಅದೇ ಬೂಟಿನ ಮಣ್ಣು ಕೊಡವಿ ಬ್ಯಾಲೆನ್ಸ್ ಶೀಟ್ ಕ್ಲಾಸಿಗೆ. ಎರಡು ಕಡೆಯ ಮೇಷ್ಟ್ರುಗಳಿಗೂ ಒಬ್ಬರ ಮೇಲೊಬ್ಬರಿಗೆ ಸಣ್ಣ ಗುಮಾನಿ ಇತ್ತು. ಬೇಸಾಯ ಶಾಸ್ತ್ರದವರು ಹೆಕ್ಟೇರಿಗೆ ಎಷ್ಟು ಕೆಜಿ ಬಂತು ಅಂತ ಕೇಳುತ್ತಿದ್ದರು. ಅರ್ಥಶಾಸ್ತ್ರದವರು ಕೊನೆಯ ಕೆಜಿ ಬೆಳೆಯಲು ಎಷ್ಟು ಖರ್ಚಾಯಿತು ಅಂತ ಕೇಳುತ್ತಿದ್ದರು. ಇಡೀ ಕೋರ್ಸು ನಿಂತಿರುವುದೇ ಈ ಎರಡು ಪ್ರಶ್ನೆಗಳ ನಡುವೆ ಅಂತ ನನಗೆ ಅರ್ಥವಾಗಲು ಮೂರನೇ ವರ್ಷ ಬರಬೇಕಾಯಿತು.

ಮೊದಲ ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಗಣಿತ, ಸೂಕ್ಷ್ಮಾಣು ಜೀವಿಗಳ ಪಾಠ, ಅರ್ಥಶಾಸ್ತ್ರದ ಅಆಇಈ. ಗಣಿತ ಬೇಡ ಅಂತಲೇ ಕೃಷಿ ಆರಿಸಿಕೊಂಡವರು ಕ್ಲಾಸಿನಲ್ಲಿ ಬಹಳ ಮಂದಿ ಇದ್ದರು. ಕ್ಯಾಲ್ಕುಲಸ್ ಶುರುವಾದ ದಿನ ಅವರ ಮುಖ ನೋಡಬೇಕಿತ್ತು. ಗೊಬ್ಬರದ ಲೆಕ್ಕ, ನೀರಿನ ಲೆಕ್ಕ, ಪ್ರಯೋಗದ ಲೆಕ್ಕ, ಸಾಲದ ಬಡ್ಡಿ ಲೆಕ್ಕ. ಈ ಡಿಗ್ರಿಯಲ್ಲಿ ಗಣಿತದಿಂದ ತಪ್ಪಿಸಿಕೊಂಡು ಹೋಗುವ ದಾರಿಯೇ ಇಲ್ಲ.

ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಮಣ್ಣು ವಿಜ್ಞಾನ. ಎದೆಮಟ್ಟದ ಗುಂಡಿ ತೋಡಿಸಿ ನಮ್ಮನ್ನು ಅದರೊಳಗೆ ಇಳಿಸುತ್ತಿದ್ದರು. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದು ಪದರಗಳನ್ನು ಗುರುತಿಸಬೇಕು. ಎಲ್ಲಿ ಬಣ್ಣ ಬದಲಾಯಿತು, ಎಲ್ಲಿಗೆ ಬೇರು ನಿಂತಿತು, ಎಲ್ಲಿಂದ ಜೇಡಿ ಜಾಸ್ತಿಯಾಯಿತು. ಬಣ್ಣ ನೋಡಲು ಮನ್ಸೆಲ್ ಚಾರ್ಟ್ ಇರುತ್ತದೆ. ಪುಟದ ತುಂಬ ಬಣ್ಣದ ಚಿಕ್ಕ ಚೌಕಗಳು, ಪಕ್ಕದಲ್ಲೇ ತೂತುಗಳು. ಒದ್ದೆ ಹೆಂಟೆಯನ್ನು ತೂತಿನ ಹಿಂದೆ ಹಿಡಿದು ಯಾವ ಚೌಕಕ್ಕೆ ಹೊಂದುತ್ತದೆ ಅಂತ ಹೇಳಬೇಕು. ಮೂವರು ನೋಡಿದರೆ ಮೂರು ಉತ್ತರ ಬರುತ್ತಿತ್ತು, ಅದರ ಮೇಲೆ ಜಗಳ ಬೇರೆ.

ಆಮೇಲೆ ಕೈಯಲ್ಲಿ ಮಣ್ಣಿನ ಜಾತಿ ಹೇಳುವುದು. ಹಿಡಿ ಮಣ್ಣಿಗೆ ನೀರು ಹಾಕಿ ಕಲಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿ ಮಾಡಬೇಕು. ಪಟ್ಟಿ ತುಂಡಾಗದೆ ಉದ್ದ ಬಂದಷ್ಟೂ ಜೇಡಿ ಜಾಸ್ತಿ. ಬೆರಳಿಗೆ ಗರಗರ ಅಂದರೆ ಮರಳು. ಹಿಟ್ಟು ಮುಟ್ಟಿದ ಹಾಗೆ ನುಣುಪಾಗಿದ್ದರೆ ರೇವೆ, ಅಂದರೆ ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ. ಬೆರಳು ಹೇಳಿದ್ದು ಸರಿಯಾ ಅಂತ ಲ್ಯಾಬಿನಲ್ಲಿ ಪರೀಕ್ಷೆ ಆಗುತ್ತಿತ್ತು. ಅದೇ ಮಣ್ಣನ್ನು, ಕಣಗಳು ಬಿಡಿಬಿಡಿಯಾಗಲಿ ಅಂತ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿದ ನೀರಿನಲ್ಲಿ ಕಲಕಿ, ಉದ್ದನೆಯ ಗಾಜಿನ ಸಿಲಿಂಡರಿಗೆ ಸುರಿದು, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಡಬೇಕು. 40 ಸೆಕೆಂಡಿಗೆ ಒಂದು ರೀಡಿಂಗ್, ಅಷ್ಟರಲ್ಲಿ ಮರಳು ತಳ ಸೇರಿರುತ್ತದೆ. 2 ಗಂಟೆಗೆ ಇನ್ನೊಂದು, ಅಷ್ಟರಲ್ಲಿ ರೇವೆಯೂ ಕೂತಿರುತ್ತದೆ. ಇನ್ನೂ ತೇಲುತ್ತಿರುವುದು 0.002 ಮಿಲಿಮೀಟರಿಗಿಂತ ಚಿಕ್ಕದಾದ ಜೇಡಿ ಕಣ. ಲ್ಯಾಬ್ ಸಹಾಯಕರೊಬ್ಬರು ಸುಮ್ನೆ ಮಣ್ಣು ಉಜ್ಜಿ ನೋಡಿ ಜೇಡಿ ಶೇಕಡಾ ಇಷ್ಟು ಅಂತ ಹೇಳಿಬಿಡುತ್ತಿದ್ದರು. ಎರಡು ಗಂಟೆ ಕಾದ ನಮ್ಮ ಉತ್ತರ ಅದರ ಹತ್ತಿರಕ್ಕೇ ಬಂದು ನಿಲ್ಲುತ್ತಿತ್ತು.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಜೇಡಿ ಕಣದ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಧನ ಅಯಾನುಗಳು. ಅವನ್ನು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟ್ ಋಣ ಅಯಾನು. ಅದನ್ನು ಹಿಡಿಯುವವರಿಲ್ಲ, ಮಳೆ ಜೋರಾದರೆ ನೀರಿನ ಜೊತೆ ಬೇರಿನಿಂದ ಕೆಳಕ್ಕೆ ಇಳಿದು ಹೋಗುತ್ತದೆ. ಸಾರಜನಕವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಿ ಅನ್ನುವ ಸಲಹೆಯ ಹಿಂದೆ ಇರುವುದು ಇದೇ. ಈ ಕಂತಿನ ವಿಷಯ ಕೊನೆಯ ವರ್ಷ ನನ್ನ ಪ್ರಾಜೆಕ್ಟ್ ಆಯಿತು. ಆಗ ಅದಕ್ಕೆ ಕೂಲಿಯ ಲೆಕ್ಕವೂ ಅಂಟಿಕೊಂಡಿತು.

ಗೊಬ್ಬರದ ಚೀಲ ಓದುವುದನ್ನೂ ಇಲ್ಲೇ ಕಲಿತೆ. ಯೂರಿಯಾದಲ್ಲಿ ಶೇ. 46 ಸಾರಜನಕ. ಹಾಗಾಗಿ 100 ಕೆಜಿ ಸಾರಜನಕ ಬೇಕಾದರೆ ಸುಮಾರು 217 ಕೆಜಿ ಯೂರಿಯಾ ಹಾಕಬೇಕು. ಇದು ನೇರ ಲೆಕ್ಕ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಚೀಲದ ಮೇಲೆ 18-46 ಅಂತ ಇರುತ್ತದೆ. 18 ಅಂದರೆ ಸಾರಜನಕ. ಆ 46 ರಂಜಕ ಅಲ್ಲ, ರಂಜಕದ ಪೆಂಟಾಕ್ಸೈಡ್. ಅಸಲಿ ರಂಜಕ ಶೇ. 20ರ ಆಸುಪಾಸು. ಪೊಟ್ಯಾಷ್‌ನದ್ದೂ ಇದೇ ಕಥೆ, ಅದನ್ನೂ ಆಕ್ಸೈಡ್ ಲೆಕ್ಕದಲ್ಲೇ ಬರೆಯುತ್ತಾರೆ. ಹಳೆಯ ಕಾಲದ ರಸಾಯನಶಾಸ್ತ್ರಜ್ಞರು ಬೂದಿಯನ್ನು ವಿಶ್ಲೇಷಣೆ ಮಾಡಿ ಆಕ್ಸೈಡ್‌ನಲ್ಲಿ ಬರೆಯುತ್ತಿದ್ದ ಪದ್ಧತಿ ಹಾಗೇ ಉಳಿದುಕೊಂಡಿದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬರದೇ ಇರುತ್ತಿರಲಿಲ್ಲ ಬಿಡಿ.

ಕೀಟಶಾಸ್ತ್ರದಲ್ಲಿ ಕೀಟದ ಪೆಟ್ಟಿಗೆ ತಯಾರಿಸಬೇಕು. ದುಂಬಿಗೆ ಸೂಜಿ ಚುಚ್ಚುವುದು ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ, ಚಿಟ್ಟೆಗೆ ಎದೆಯ ನಡುವೆ. ಜಾಗ ತಪ್ಪಿದರೆ ಅಂಕ ಹೋಯಿತು. ಹಾಸ್ಟೆಲ್ ಕೋಣೆಯೆಲ್ಲ ನ್ಯಾಫ್ತಲೀನ್ ವಾಸನೆ. ಸಸ್ಯರೋಗ, ತಳಿ ಅಭಿವೃದ್ಧಿ, ಪಶುಪಾಲನೆ, ಕೃಷಿ ಯಂತ್ರಗಳು ಎಲ್ಲವೂ ಇದ್ದವು. ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಕೊಟ್ಟು ಮುಂದಕ್ಕೆ ಓಡಿಸುತ್ತಾರೆ. ಇದು ಈ ಡಿಗ್ರಿಯ ದೊಡ್ಡ ದೋಷ ಅಂತ ಈಗಲೂ ನನ್ನ ಅಭಿಪ್ರಾಯ. ರೋಗದ ಎಲೆ ಕೈಯಲ್ಲಿ ಹಿಡಿದು ಇದು ಶಿಲೀಂಧ್ರವೋ, ಬ್ಯಾಕ್ಟೀರಿಯಾವೋ, ಬರೀ ಪೋಷಕಾಂಶದ ಕೊರತೆಯೋ ಅಂತ ಬೇರ್ಪಡಿಸುವ ಕಣ್ಣು ಒಂದು ಸೆಮಿಸ್ಟರಿನಲ್ಲಿ ಬರುವುದಿಲ್ಲ.

ಎರಡನೇ ವರ್ಷದ ಸಂಖ್ಯಾಶಾಸ್ತ್ರವನ್ನು ಎಲ್ಲರೂ ಬೈದುಕೊಂಡೇ ಓದಿದರು. ನನಗೆ ಅದು ಹಿಡಿಸಿದ್ದು ಅದರ ಹುಟ್ಟಿನ ಕಥೆ ಕೇಳಿದ ಮೇಲೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅಲ್ಲಿ ರಾಶಿ ಬಿದ್ದಿದ್ದ ಅಂಕಿಅಂಶಗಳಿಂದ ಏನಾದರೂ ಅರ್ಥ ತೆಗೆಯಲು 1919ರಲ್ಲಿ ರೊನಾಲ್ಡ್ ಫಿಶರ್ ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಪ್ರಯೋಗಗಳನ್ನು ಯಾದೃಚ್ಛಿಕವಾಗಿ ಜೋಡಿಸುವ ವಿಧಾನ, ಇಳುವರಿಯ ವ್ಯತ್ಯಾಸದಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ನೋಡುವ ವೇರಿಯನ್ಸ್ ವಿಶ್ಲೇಷಣೆ ಅಲ್ಲಿಯೇ ಬೆಳೆದವು. ಎರಡು ಸರಾಸರಿಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡಲು ನಾವು ಎಲ್ಲ ಕಡೆ ಬಳಸುವ ಟಿ ಪರೀಕ್ಷೆ ಬಂದಿದ್ದಂತೂ ಬಿಯರ್ ಕಂಪನಿಯಿಂದ. ಗಿನ್ನೆಸ್‌ನಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಅದನ್ನು 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ಕೆಲವೇ ಕೆಲವು ಮಾದರಿ ಇಟ್ಟುಕೊಂಡು ಎಷ್ಟು ಖಚಿತವಾಗಿ ಮಾತಾಡಬಹುದು ಅನ್ನುವುದು ಬಾರ್ಲಿ ಕೊಳ್ಳುವ ಕಂಪನಿಗೆ ಬೇಕಿದ್ದ ಉತ್ತರ. ವಿಜ್ಞಾನ ಮತ್ತು ವ್ಯವಹಾರ ಬೇರೆ ಬೇರೆ ಕಟ್ಟಡದಲ್ಲಿ ಕೂತಿದ್ದು ನಮ್ಮ ಕಾಲೇಜಿನಲ್ಲಿ ಮಾತ್ರ ಅಂತ ಆಗ ಅನ್ನಿಸಿತ್ತು.

ಹೊಲದಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ಜಮೀನಿನ ಒಂದು ತುದಿ ಫಲವತ್ತು, ಇನ್ನೊಂದು ತುದಿ ಬಡಕಲು. ಒಂದು ಗೊಬ್ಬರದ ಮಟ್ಟ ಪೂರ್ತಿ ಒಳ್ಳೆಯ ತುದಿಗೇ ಬಿದ್ದರೆ ಗೆದ್ದಿದ್ದು ಗೊಬ್ಬರವೋ ಮಣ್ಣೋ ಗೊತ್ತಾಗುವುದಿಲ್ಲ. ಅದಕ್ಕೆ ಹೊಲವನ್ನು ಬ್ಲಾಕ್‌ಗಳಾಗಿ ಕಡಿದು, ಪ್ರತಿ ಬ್ಲಾಕ್‌ನಲ್ಲೂ ಎಲ್ಲ ಮಟ್ಟಗಳನ್ನೂ ಚೀಟಿ ಎತ್ತಿ ತಾಕುಗಳಿಗೆ ಹಂಚುತ್ತೇವೆ. ತಾಕಿನ ಅಂಚಿನ ಸಾಲುಗಳಿಗೆ ಬಿಸಿಲು, ಗಾಳಿ, ಪಕ್ಕದ ತಾಕಿನ ಗೊಬ್ಬರ ಎಲ್ಲ ಜಾಸ್ತಿ ಸಿಗುತ್ತದೆ. ಅವುಗಳ ಇಳುವರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಯ್ಲಿನ ದಿನ ಮೊದಲು ಗಡಿ ಸಾಲುಗಳನ್ನು ಕಿತ್ತು ಆಚೆ ಹಾಕಿ, ಆಮೇಲೆ ಒಳಗಿನದನ್ನು ಕೊಯ್ದು, ಚೀಟಿ ಕಟ್ಟಿ ತೂಗುವುದು. ತೂಕ ಬರೆದ ತಕ್ಷಣ ಮುಗಿಯಲಿಲ್ಲ, ತೇವಾಂಶ ನೋಡಬೇಕು. ಶೇ. 20 ತೇವಾಂಶದ 10 ಕೆಜಿ ಕಾಳನ್ನು ಶೇ. 14ಕ್ಕೆ ಇಳಿಸಿ ಲೆಕ್ಕ ಹಾಕಿದರೆ ಉಳಿಯುವುದು 9.3 ಕೆಜಿ. ನಮಗೆ ಇದು ಪ್ರಯೋಗದ ಶಿಸ್ತು. ಕಾಳು ಕೊಳ್ಳುವವನು ಒದ್ದೆ ಮಾಲಿಗೆ ಕಡಿತ ಹಾಕುವುದೂ ಇದೇ ಸೂತ್ರದಿಂದಲೇ. ಅವನು ಒಣಗಿಸುವ ಖರ್ಚನ್ನೂ ಸೇರಿಸುತ್ತಾನೆ ಅಷ್ಟೇ.

ಇನ್ನು ಮೂರನೇ ವರ್ಷ. ಉತ್ಪಾದನಾ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಒಂದು ವಕ್ರರೇಖೆ ಬರೆದರು. ಅಡಿಯಲ್ಲಿ ಸಾರಜನಕ, ಪಕ್ಕದಲ್ಲಿ ಇಳುವರಿ. ಬೇಸಾಯ ಶಾಸ್ತ್ರದಲ್ಲಿ ನೋಡಿ ನೋಡಿ ಸಾಕಾಗಿದ್ದ ಅದೇ ರೇಖೆ. ಸಾರಜನಕ ಹಾಕದಿದ್ದರೆ 2000 ಕೆಜಿ. ಹಾಕುತ್ತಾ ಹೋದಂತೆ ಏರಿ, 200 ಕೆಜಿ ಸಾರಜನಕಕ್ಕೆ 4000 ಕೆಜಿಯ ತುದಿ ಮುಟ್ಟುತ್ತದೆ. ಅದರಾಚೆ ಇಳಿಯುತ್ತದೆ. ಎಷ್ಟು ಹಾಕುತ್ತೀರಿ ಅಂತ ಕೇಳಿದರು. ಕ್ಲಾಸೆಲ್ಲ ಒಂದೇ ದನಿಯಲ್ಲಿ 200 ಅಂದಿತು. 'ಒಂದು ಕೆಜಿ ಸಾರಜನಕಕ್ಕೆ ನಾಲ್ಕು ಕೆಜಿ ಕಾಳಿನ ಬೆಲೆ ಕೊಡಬೇಕು ಅಂದುಕೊಳ್ಳಿ' ಅಂದರು. 160 ಕೆಜಿ ಸಾರಜನಕಕ್ಕೇ ಇಳುವರಿ 3920 ಕೆಜಿ ತಲುಪಿರುತ್ತದೆ. ಮುಂದಿನ 40 ಕೆಜಿ ಸಾರಜನಕದಿಂದ ಸಿಗುವುದು ಬರೀ 80 ಕೆಜಿ ಕಾಳು, ಅದಕ್ಕೆ ತೆರಬೇಕಾದ್ದು 160 ಕೆಜಿ ಕಾಳಿನ ಬೆಲೆ. ಅಂದರೆ ಅತಿ ಹೆಚ್ಚು ಇಳುವರಿ ಬರುವ ಜಾಗಕ್ಕೆ ಮುಂಚೆಯೇ ಲಾಭ ತುದಿ ಮುಟ್ಟಿ ವಾಪಸ್ಸು ಬರುತ್ತಿರುತ್ತದೆ. ಗೊಬ್ಬರ ತುಟ್ಟಿಯಾದರೆ ಆ ಜಾಗ ಇನ್ನೂ ಹಿಂದಕ್ಕೆ, ಕಾಳಿಗೆ ಒಳ್ಳೆ ಬೆಲೆ ಬಂದರೆ ಮುಂದಕ್ಕೆ. ಗೊಬ್ಬರ ಪುಕ್ಕಟೆ ಸಿಕ್ಕಿದರೆ ಮಾತ್ರ 200 ಸರಿ. ಹೆಚ್ಚುವರಿ 40 ಕೆಜಿಯ ಒಂದು ಪಾಲು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ ಅನ್ನುವುದು ಮಣ್ಣು ವಿಜ್ಞಾನದಿಂದ ಮೊದಲೇ ಗೊತ್ತಿತ್ತು. ಎರಡು ವರ್ಷ ಎರಡು ಬೇರೆ ನೋಟ್‌ಬುಕ್‌ಗಳಲ್ಲಿ ಬರೆದಿದ್ದು ಒಂದೇ ಬೋರ್ಡಿನ ಮೇಲೆ ಬಂತು. ಮೊದಲ ವರ್ಷದ ಕ್ಯಾಲ್ಕುಲಸ್ ಯಾಕಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಅಲ್ಲಿಂದ ವ್ಯವಹಾರದ ಪಾಠಗಳನ್ನು ಬೇರೆ ಕಿವಿಯಿಂದ ಕೇಳಲು ಶುರು ಮಾಡಿದೆ. ಎಲ್ಲರಿಗೂ ಭರ್ಜರಿ ಬೆಳೆ ಬಂದ ವರ್ಷ ರೈತರ ಒಟ್ಟು ಆದಾಯ ಇಳಿಯಬಹುದು, ಯಾಕೆಂದರೆ ಬೆಲೆ ಅರ್ಧಕ್ಕೆ ಬಿತ್ತು ಅಂತ ಯಾರೂ ಎರಡು ಪಟ್ಟು ಊಟ ಮಾಡುವುದಿಲ್ಲ. ಈ ವರ್ಷದ ಬೆಲೆ ನೋಡಿ ಎಲ್ಲರೂ ಅದನ್ನೇ ಬಿತ್ತಿದರೆ ಮುಂದಿನ ವರ್ಷ ಮಾಲು ತುಂಬಿ ಬೆಲೆ ಕುಸಿಯುತ್ತದೆ. ಆಗ ಎಲ್ಲರೂ ಬಿಡುತ್ತಾರೆ, ಮತ್ತೆ ಬೆಲೆ ಏರುತ್ತದೆ. ಇದನ್ನು ಗ್ರಾಫ್‌ನಲ್ಲಿ ಬರೆದರೆ ಜೇಡರ ಬಲೆಯ ಆಕಾರ ಬರುತ್ತದೆ. 1930ರ ದಶಕದಲ್ಲಿ ನಿಕೊಲಸ್ ಕಾಲ್ಡೋರ್ ಅದಕ್ಕೆ ಆ ಹೆಸರನ್ನೇ ಇಟ್ಟರು. ಬಿತ್ತುವ ದಿನಕ್ಕೂ ಮಾರುವ ದಿನಕ್ಕೂ ತಿಂಗಳುಗಟ್ಟಲೆ ಅಂತರ ಇರುವ ಕಸುಬಿನಲ್ಲಿ ಇದರಿಂದ ಪೂರ್ತಿ ಪಾರಾಗುವುದು ಕಷ್ಟ.

ಪಾರಾಗಲು ಇರುವ ಒಂದು ದಾರಿ ಫ್ಯೂಚರ್ಸ್, ಅಂದರೆ ಮುಂದೆ ನಡೆಯುವ ವಹಿವಾಟಿಗೆ ಈಗಲೇ ಬೆಲೆ ಕಟ್ಟಿಕೊಳ್ಳುವ ಒಪ್ಪಂದ ಅಂತ ಹೇಳಿ, ನಮಗೆ ಹುಸಿ ದುಡ್ಡು ಕೊಟ್ಟು ಆಟ ಆಡಿಸಿದರು. ಬಿತ್ತುವಾಗ ಫ್ಯೂಚರ್ಸ್ ಬೆಲೆ 100. ನಮ್ಮ ಕಡೆಯ ನಗದು ಬೆಲೆ ಸಾಮಾನ್ಯವಾಗಿ ಅದಕ್ಕಿಂತ 5 ಕಡಿಮೆ ಇರುತ್ತದೆ ಅಂತಿಟ್ಟುಕೊಳ್ಳಿ. ಈಗಲೇ 100ಕ್ಕೆ ಫ್ಯೂಚರ್ಸ್ ಮಾರಿ ಇಡುತ್ತೇವೆ. ಕೊಯ್ಲಿಗೆ ಫ್ಯೂಚರ್ಸ್ 80ಕ್ಕೆ ಬಿತ್ತು, ನಗದು 75. ಕಾಳು 75ಕ್ಕೆ ಮಾರಿದೆವು, 100ಕ್ಕೆ ಮಾರಿದ್ದನ್ನು 80ಕ್ಕೆ ವಾಪಸ್ ಕೊಂಡಿದ್ದರಿಂದ ಫ್ಯೂಚರ್ಸ್‌ನಲ್ಲಿ 20 ಸಿಕ್ಕಿತು, ಒಟ್ಟು 95. ಬೆಲೆ ಬಿದ್ದಿದ್ದು ನಮಗೆ ತಟ್ಟಲೇ ಇಲ್ಲ. ಆದರೆ ಅದೇ ಹೊತ್ತಿಗೆ ಗೋದಾಮು ತುಂಬಿ ನಗದು ಬೆಲೆ 70ಕ್ಕೆ ಇಳಿದರೆ ಸಿಗುವುದು 90. ಈ ಎರಡು ಬೆಲೆಗಳ ನಡುವಿನ ಅಂತರಕ್ಕೆ ಬೇಸಿಸ್ ಅನ್ನುತ್ತಾರೆ. ಹೆಡ್ಜಿಂಗ್, ಅಂದರೆ ಹೀಗೆ ಮೊದಲೇ ಮಾರಿಟ್ಟು ಬೆಲೆ ಬೀಳುವ ಅಪಾಯದಿಂದ ತಪ್ಪಿಸಿಕೊಳ್ಳುವುದನ್ನು ಮಾಡಿದವನಿಗೆ ಬೆಲೆಯ ಚಿಂತೆ ಹೋಗಿ ಬೇಸಿಸ್‌ನ ಚಿಂತೆ ಬರುತ್ತದೆ. ಆಟದಲ್ಲಿ ಗೆದ್ದವರು ಯಾರು ಅಂದರೆ, ಬೆಳೆಯದೇ ಇರುವ ಕಾಳನ್ನೂ ಜಾಸ್ತಿ ಲಾಭದ ಆಸೆಗೆ ಮಾರಿದ ಒಂದು ಗುಂಪು. ಅದು ಹೆಡ್ಜಿಂಗ್ ಅಲ್ಲ, ಜೂಜು ಅಂತ ಮೇಷ್ಟ್ರು ಅವರಿಗೆ ಕಡಿಮೆ ಅಂಕ ಕೊಟ್ಟರು. ಅದು ನ್ಯಾಯ ಅಂತಲೇ ನನಗನ್ನಿಸಿತು, ಅವರಿಗೆ ಅನ್ನಿಸಲಿಲ್ಲ.

ಅಕೌಂಟ್ಸ್‌ನಲ್ಲಿ ನಗು ಬರಿಸಿದ್ದು ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 41. ಕರು ಬೆಳೆದು ಅದರ ಬೆಲೆ ಏರಿದರೆ, ಮಾರದೇ ಇದ್ದರೂ ಆ ಏರಿಕೆಯನ್ನು ಈ ವರ್ಷದ ಲಾಭಕ್ಕೆ ತೋರಿಸಬೇಕು. ಚಹಾ, ದ್ರಾಕ್ಷಿ, ರಬ್ಬರಿನಂಥ ವರ್ಷಗಟ್ಟಲೆ ಫಸಲು ಕೊಡುವ ಗಿಡಗಳನ್ನೂ ಮೊದಲು ಹೀಗೇ ನೋಡುತ್ತಿದ್ದರು. 2014ರ ತಿದ್ದುಪಡಿಯ ನಂತರ ಆ ಗಿಡಗಳು ಲೆಕ್ಕದಲ್ಲಿ ಯಂತ್ರದ ಸಾಲಿಗೆ ಸೇರಿದವು, ಅವಕ್ಕೆ ಸವಕಳಿ ಹಾಕಬಹುದು. ಗಿಡದ ಮೇಲಿರುವ ಫಸಲು ಮಾತ್ರ ಇನ್ನೂ ಜೈವಿಕ ಆಸ್ತಿ. ಗಿಡ ಒಂದು ಖಾತೆ, ಅದರ ಮೈಮೇಲಿನ ಹಣ್ಣು ಇನ್ನೊಂದು ಖಾತೆ. ಯೋಚಿಸಿದರೆ ಸರಿಯಾಗಿಯೇ ಇದೆ, ಅಲ್ವಾ?

ಇಂಟರ್ನ್‌ಶಿಪ್ ಒಂದು ಬೀಜದ ಕಂಪನಿಯಲ್ಲಿ. ಮಾರ್ಕೆಟಿಂಗ್ ವಿಭಾಗಕ್ಕೆ ಅಂತ ಕರೆದು, ಮೊದಲು ಬೀಜ ಪರೀಕ್ಷೆಯ ಕೋಣೆಯಲ್ಲಿ ಕೂರಿಸಿದರು. ಒಂದು ಲಾಟಿಗೆ (ಒಟ್ಟಿಗೆ ತಯಾರಾದ ಬೀಜದ ರಾಶಿಗೆ) 400 ಬೀಜ ಎಣಿಸಿ, ಒದ್ದೆ ಕಾಗದದ ಮೇಲೆ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ಮೊಳಕೆ ಕೋಣೆಯಲ್ಲಿ ನಿಲ್ಲಿಸುವುದು. ದಿನ ತುಂಬಿದ ಮೇಲೆ ಬಿಚ್ಚಿ ನೋಡಿದರೆ ಮೊಳೆತಿದ್ದೆಲ್ಲ ಪಾಸಲ್ಲ. ಬೇರು ಮೊಂಡಾಗಿದ್ದರೆ, ಚಿಗುರು ಸುರುಟಿದ್ದರೆ ಅದು ಅಸಹಜ ಸಸಿ, ಶೇಕಡಾವಾರಿಗೆ ಸೇರುವುದಿಲ್ಲ. ಕೆಲವು ಸಸಿ ಗಡಿಯ ಮೇಲೆ ನಿಂತಿರುತ್ತವೆ. ಅವನ್ನು ಒಳಗೆ ಹಾಕಿದರೆ ಲಾಟು ಪಾಸು, ಹೊರಗೆ ಹಾಕಿದರೆ ಫೇಲು. ಅಲ್ಲಿನ ಹಿರಿಯ ತಂತ್ರಜ್ಞೆ ಪ್ರತಿ ಸಸಿಯನ್ನೂ ಬೆಳಕಿಗೆ ಹಿಡಿದು, ಯಾರು ಬಂದು ಪಕ್ಕ ನಿಂತರೂ ತನ್ನ ಪಾಡಿಗೆ ಎಣಿಸುತ್ತಿದ್ದರು. ಮಾರ್ಕೆಟಿಂಗ್‌ಗೆ ಹೋದ ಮೇಲೆ ಚೀಲದ ಮೇಲಿನ ಮೊಳಕೆ ಪ್ರಮಾಣದ ಬಗ್ಗೆ ಯಾರಾದರೂ ಕೇಳಿದರೆ ನನಗೆ ನೆನಪಾಗುತ್ತಿದ್ದುದು ಅವರ ಬೆರಳುಗಳೇ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೆಕ್ಕೆಜೋಳಕ್ಕೆ ಸಾರಜನಕವನ್ನು ಎರಡು ಕಂತಿನಲ್ಲಿ ಕೊಡುವುದೋ ಮೂರರಲ್ಲೋ ಅನ್ನುವುದನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ನೋಡಿದೆ. ಇಳುವರಿಯ ಪಟ್ಟಿಯಲ್ಲಿ ಮೇಲೆ ಬಂದದ್ದು ಹೆಚ್ಚಿನ ಪ್ರಮಾಣ, ಮೂರು ಕಂತು. ಬೇಸಾಯ ಶಾಸ್ತ್ರದ ಪ್ರಾಜೆಕ್ಟ್ ಮಾತ್ರ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮೆಕ್ಕೆಜೋಳ ಮತ್ತು ಗೋಧಿಯ ಅಂತಾರಾಷ್ಟ್ರೀಯ ಕೇಂದ್ರ ಸಿಮಿಟ್ ಬಳಕೆಗೆ ತಂದ ಪದ್ಧತಿಯಲ್ಲಿ ಲೆಕ್ಕ ಮುಂದುವರಿಸಬೇಕಿತ್ತು. ಅದರಲ್ಲಿ ಮೊದಲು ಪ್ರಯೋಗದ ಇಳುವರಿಯನ್ನೇ ಒಂದಷ್ಟು ಶೇಕಡಾ ಕತ್ತರಿಸುತ್ತಾರೆ. ಸಣ್ಣ ತಾಕಿನಲ್ಲಿ ನಾವು ಮಾಡುವ ಆರೈಕೆ ದೊಡ್ಡ ಹೊಲದಲ್ಲಿ ಆಗುವುದಿಲ್ಲ ಅನ್ನುವ ಕಾರಣಕ್ಕೆ. ಆಮೇಲೆ ಬದಲಾಗುವ ಖರ್ಚುಗಳನ್ನು ಮಾತ್ರ ಬರೆಯುತ್ತಾರೆ: ಗೊಬ್ಬರ, ಅದನ್ನು ಹಾಕುವ ಕೂಲಿ. ಖರ್ಚು ಜಾಸ್ತಿಯಾಗಿ ನಿವ್ವಳ ಲಾಭ ಕಡಿಮೆಯಾದ ಮಟ್ಟಗಳನ್ನು ಹೊಡೆದು ಹಾಕುತ್ತಾರೆ. ಉಳಿದವುಗಳಲ್ಲಿ ಒಂದರಿಂದ ಮೇಲಿನದಕ್ಕೆ ಹತ್ತಲು ಹಾಕಿದ ಹೆಚ್ಚುವರಿ ಖರ್ಚಿಗೆ ಶೇ. 50ರಿಂದ 100ರಷ್ಟಾದರೂ ಹೆಚ್ಚುವರಿ ಲಾಭ ಬರಬೇಕು. ಇಲ್ಲದಿದ್ದರೆ ಅದನ್ನು ಶಿಫಾರಸು ಮಾಡುವುದಿಲ್ಲ. ನನ್ನ ಪಟ್ಟಿಯ ಮೊದಲ ಸ್ಥಾನದ್ದು ಇಲ್ಲೇ ಬಿದ್ದುಹೋಯಿತು. ಮೂರನೇ ಕಂತಿಗೆ ಇನ್ನೊಮ್ಮೆ ಹೊಲಕ್ಕೆ ಆಳು ಇಳಿಸಬೇಕು. ಆ ಕೂಲಿ ಹೆಚ್ಚುವರಿ ಕಾಳನ್ನು ತಿಂದುಹಾಕಿತು. ಉಳಿದದ್ದು ಮಧ್ಯಮ ಪ್ರಮಾಣ, ಎರಡು ಕಂತು.

ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಎರಡೂ ಕಡೆಯ ಪರೀಕ್ಷಕರು ಬಂದಿದ್ದರು. ಬೇಸಾಯ ಶಾಸ್ತ್ರದವರು ಅತಿ ಹೆಚ್ಚು ಇಳುವರಿಯದ್ದನ್ನು ಬಿಟ್ಟಿದ್ದು ಯಾಕೆ ಅಂತ ಶುರು ಮಾಡಿದರು. ನಾನು ಉತ್ತರಿಸುವ ಮುಂಚೆ ಅರ್ಥಶಾಸ್ತ್ರದವರು ಉತ್ತರಿಸಿಬಿಟ್ಟರು. ಆಮೇಲೆ ಒಂದಷ್ಟು ಹೊತ್ತು ಅವರಿಬ್ಬರೇ ಮಾತಾಡಿಕೊಂಡರು, ನಾನು ಸ್ಲೈಡ್ ಹಿಂದೆ ಮುಂದೆ ಮಾಡುತ್ತಾ ನಿಂತಿದ್ದೆ. ಕೊನೆಗೆ ಇಬ್ಬರದೂ ಒಂದೊಂದು ಬೇಡಿಕೆ ಬಂತು. ಕಾಳಿನ ಬೆಲೆ ಕಾಲುಭಾಗ ಬಿದ್ದರೆ ಶಿಫಾರಸು ನಿಲ್ಲುತ್ತದಾ ಅಂತ ಒಂದು ಟೇಬಲ್ ಸೇರಿಸಬೇಕು. ಮಳೆ ಬೇರೆ ಥರ ಬಂದರೆ ಏನಾಗುತ್ತದೆ ಅನ್ನುವುದನ್ನೂ ಬರೆಯಬೇಕು. ಬೆಲೆಯ ಟೇಬಲ್ ಹಾಕಿದೆ, ಎರಡು ಕಂತಿನದ್ದೇ ನಿಂತಿತು. ಮಳೆಯ ಪ್ರಶ್ನೆಗೆ ಒಂದೇ ಹಂಗಾಮಿನ ಲೆಕ್ಕ ಸಾಲುತ್ತಿರಲಿಲ್ಲ. ಹಾಗಂತಲೇ ಬರೆದು ಸಲ್ಲಿಸಿದೆ. ಮುಂದಿನ ವರ್ಷ ನನ್ನ ಜೂನಿಯರ್ ಒಬ್ಬಳು ಅದೇ ತಾಕುಗಳನ್ನು, ಅದೇ ನಕ್ಷೆಯನ್ನು ಇಟ್ಟುಕೊಂಡು ಇನ್ನೊಂದು ಹಂಗಾಮು ಮಾಡಿದಳು.